ಲಕ್ಕುಂಡಿಯ ಕಂಬಕ್ಕೆ ಟಾರ್ಚ್ ಹಿಡಿದು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ 22 ವರ್ಷದಿಂದ ಲೇಥ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮಶೀನ್ ಓಡಿಸುತ್ತೇನೆ. ಬುಶ್, ಪಿನ್, ಶಾಫ್ಟು ಅಂತ ಮಶೀನಿನ ಬಿಡಿಭಾಗ, ದಿನಾ ಅದೇ. ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ತಿರುಪತಿ, ಗೋವಾ, ಒಮ್ಮೆ ಕೇರಳ ಅಂತ ಹೋಗಿ ಮೊಬೈಲ್ ಭರ್ತಿ ಫೋಟೊ ಹೊಡೆದುಕೊಂಡು ಬರುತ್ತಿದ್ದೆ. ಸೋಮವಾರ ಮಶೀನ್ ಮುಂದೆ ನಿಂತರೆ ಹೋಗುವ ಮೊದಲಿಗಿಂತ ಹೆಚ್ಚು ಬೇಸರ. ಓಡಿಹೋದವನು ಮತ್ತೆ ಸಿಕ್ಕಿಬಿದ್ದ ಹಾಗೆ.

ಗದಗಿನಲ್ಲಿ ತಂಗಿಯ ಕುಬಸಕ್ಕೆ (ಸೀಮಂತಕ್ಕೆ) ಹೋಗಿದ್ದೆ. ಊಟ ಮುಗಿದ ಮೇಲೆ ಹೊತ್ತು ಹೋಗಲೊಲ್ಲದು. ಹತ್ತು ಹನ್ನೆರಡು ಕಿಲೋಮೀಟರ್ ಆಚೆಗಿರುವ ಲಕ್ಕುಂಡಿಯ ಬಸ್ಸು ಹತ್ತಿದೆ. ನೂರೊಂದು ಗುಡಿ, ನೂರೊಂದು ಬಾವಿಯ ಊರು ಅಂತ ಸಣ್ಣವನಿದ್ದಾಗಿನಿಂದ ಕೇಳಿದ್ದೆ, ಇಳಿದು ನೋಡಿರಲಿಲ್ಲ.

ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವ ಮತ್ತು ಸೂರ್ಯನ ಗರ್ಭಗುಡಿಗಳು ಎದುರುಬದುರು ಇವೆ. ನಾನು ಅಲ್ಲಿವರೆಗೆ ಹೋಗಲೇ ಇಲ್ಲ. ನಡುವಿನ ಮಂಟಪದ ಕಂಬದ ಮುಂದೆ ನಿಂತುಬಿಟ್ಟೆ. ಅದು ಕೆತ್ತಿದ್ದಲ್ಲ, ಕಡೆದದ್ದು. ನಾವು ಜಾಬ್, ಅಂದರೆ ಕಡೆಯುವ ಲೋಹದ ತುಂಡನ್ನು ತಿರುಗಿಸಿ ಟೂಲ್ ಕೊಡುತ್ತೇವಲ್ಲ, ಹಾಗೆ ಕಲ್ಲನ್ನೇ ತಿರುಗಿಸಿ ಉಳಿ ಕೊಟ್ಟದ್ದು. ಒಂದರ ಕೆಳಗೊಂದು ಬಳೆ ಪೇರಿಸಿದಂತೆ ಗೆರೆ, ಅಂಚು ಈಗಲೂ ಚೂಪು. ಕಲ್ಯಾಣ ಚಾಲುಕ್ಯರ ಕಾಲದ್ದು. ಕಲ್ಲು ಬಳಪದ್ದು, ಕಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಫಿನಿಶಿಂಗ್ ನೋಡಲು ನಾವು ಲೇಥ್‌ನ ಟರ್ನರ್‌ಗಳು ಉಗುರು ಎಳೆಯುತ್ತೇವೆ. ರೂಢಿ, ಕೈ ಹೋಯಿತು.

‘ಏ, ಉಗುರ ಹಚ್ಚಬ್ಯಾಡ್ರೀ!’ ಕಾವಲುಗಾರ ಬಾಗಿಲಿಂದಲೇ ಕೂಗಿದ. ನಾಚಿಕೆಯಾಯಿತು. ಮೊಬೈಲ್ ಟಾರ್ಚನ್ನು ಕಂಬದ ಮಗ್ಗುಲಿಗೆ ಓರೆಯಾಗಿ ಹಿಡಿದೆ. ಬೆಳಕು ಹಾಗೆ ಬಿದ್ದರೆ ಸಣ್ಣ ಗೀರೂ ಎದ್ದು ಕಾಣುತ್ತದೆ. ಅರ್ಧ ತಾಸು ಅದೊಂದೇ ಕಂಬ. ಕೊನೆಗೆ ಕಾವಲುಗಾರನೂ ಬಂದು ಪಕ್ಕಕ್ಕೆ ನಿಂತ.

ಸೋಮವಾರ ಬುಶ್‌ಗಳ ಆರ್ಡರ್ ಇತ್ತು. ಹಿಂದಿನ ತಿಂಗಳು ಬೋರ್, ಅಂದರೆ ಒಳತೂತಿನ ಅಳತೆ ತಪ್ಪಿ 40 ಬುಶ್ ವಾಪಸ್ ಬಂದಿದ್ದವು. ತಪ್ಪು ನನ್ನದೇ, ಮನಸ್ಸು ಎಲ್ಲೋ ಇತ್ತು. ಅವತ್ತು ಮೊದಲ ಬುಶ್ಶನ್ನು ಲೇಥ್‌ನ ಹಿಡಿಕೆಯಾದ ಚಕ್‌ನಿಂದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ! ಅಲ್ಲಿಂದ ಡಬ್ಬಿಯೊಳಗೆ ಠಣ್ ಅಂತ ಒಗೆಯುವುದು ಬಿಟ್ಟೆ. ಹಳೇ ಬನಿಯನ್ ಬಟ್ಟೆ ಹಾಸಿ ಇಡುತ್ತೇನೆ. ಮಾಲೀಕರು ‘ಏನಪಾ, ಮದುಮಗಳ ಒಡವಿ ಏನು?’ ಅಂತ ನಕ್ಕರು. ನಗಲಿ.

ಆಮೇಲೆ ತಿಂಗಳಿಗೊಂದು ಭಾನುವಾರ ತೆಗೆದಿಟ್ಟೆ. ಬೆಳಿಗ್ಗೆ ಬಸ್ಸಿಗೆ ಹೋಗಿ ರಾತ್ರಿ ಮನೆಗೆ ಬರುವಷ್ಟು ದೂರದ ಊರು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ಒಂದು ನೋಟ್‌ಬುಕ್. ಒಂದು ದಿನಕ್ಕೆ ಒಂದೇ ಜಾಗ. ಹೊರಡುವ ಹೊತ್ತಿಗೆ ಒಂದೇ ಫೋಟೊ. ಕಂಬ ಇದ್ದರೆ ಜಾಬ್ ಡ್ರಾಯಿಂಗ್ ಬರೆದಂತೆ ಅದರ ಅಂಚನ್ನು ಬರೆದುಕೊಳ್ಳುತ್ತೇನೆ. ಅಣ್ಣಿಗೇರಿಯ ಅಮೃತೇಶ್ವರ, ಡಂಬಳದ ದೊಡ್ಡಬಸಪ್ಪ, ಹಾನಗಲ್ಲಿನ ತಾರಕೇಶ್ವರ, ಪಶ್ಚಿಮಕ್ಕೆ ಮುಖ ಮಾಡಿದ ಹಾವೇರಿಯ ಸಿದ್ಧೇಶ್ವರ, ಹೀಗೆ ನಡೆದಿದೆ. ಡಂಬಳದ ಗುಡಿಯ ಗೋಡೆ ನಕ್ಷತ್ರದಂತೆ ಮೂಲೆಮೂಲೆಯಾಗಿ ಸುತ್ತುತ್ತದೆ. ಅದನ್ನು ಬರೆಯಲು ಹೋಗಿ ಮೂರು ಹಾಳೆ ಹರಿದೆ.

ಎಲ್ಲ ಸಲ ಸರಿ ಹೋಗಲಿಲ್ಲ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತು ಬರುತ್ತವೆ ಅಂತ ಕೇಳಿ ಏಪ್ರಿಲ್‌ನಲ್ಲಿ ಹೋದೆ. ಕುರಿಯವನೊಬ್ಬ ಬಿದ್ದುಬಿದ್ದು ನಕ್ಕ: ‘ಬ್ಯಾಸಗ್ಯಾಗ ಎಲ್ಲಿ ಬಾತುಕೋಳಿ ತಮ್ಮಾ, ಚಳಿಗಾಲಕ್ಕ ಬಾ.’ ಅವನ ಜೊತೆ ಕೂತು ರೊಟ್ಟಿ ತಿಂದು ಬಂದೆ. ಜನವರಿಯಲ್ಲಿ ಮತ್ತೆ ಹೋದಾಗ ಕೆರೆಯ ತುಂಬ ಬಾತು, ಕುರಿಯವ ಮಾತ್ರ ಇರಲಿಲ್ಲ.

ಹೆಂಡತಿಗೆ ಮೊದಮೊದಲು ಸಿಟ್ಟು. ಭಾನುವಾರವೂ ಗಂಡ ಮನೆಯಲ್ಲಿಲ್ಲ ಅಂದರೆ ಯಾರಿಗಾದರೂ ಬಂದೀತು. ಈಗ ಎರಡು ತಿಂಗಳಿಗೊಮ್ಮೆ ಅವಳೂ ಬರುತ್ತಾಳೆ, ಆದರೆ ಕಂಬ ನೋಡುವುದಿಲ್ಲ. ಹಾವೇರಿಗೆ ಹೋದ ದಿನ ಬ್ಯಾಡಗಿ ಮೆಣಸಿನಕಾಯಿ ಆರಿಸುತ್ತ ಕೂತಳು: ಒಂದೊಂದೇ ಎತ್ತಿ ಬಿಸಿಲಿಗೆ ಹಿಡಿದು, ಸುಕ್ಕು ನೋಡಿ, ಮೂಸಿ. ಹದಿನೆಂಟು ವರ್ಷ ಆ ಸಾರು ಉಂಡಿದ್ದೇನೆ. ಅವಳು ಕಾಯಿ ಆರಿಸುವುದನ್ನು ಕಂಡದ್ದು ಅವತ್ತೇ.

ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಉಣಕಲ್ಲಿನ ಚಂದ್ರಮೌಳೇಶ್ವರಕ್ಕೆ ಹೋದದ್ದು ಎಲ್ಲಕ್ಕಿಂತ ಕೊನೆಗೆ. ಆ ದಾರಿಯಲ್ಲಿ ಸಾವಿರ ಸಲ ಹೋಗಿದ್ದವನು.

ಕಳೆದ ತಿಂಗಳು ನಮ್ಮ ವರ್ಕ್‌ಶಾಪಿನ ಹೊಸ ಹುಡುಗನನ್ನು ಲಕ್ಕುಂಡಿಗೆ ಕರೆದೊಯ್ದೆ. ಐಟಿಐ ಮುಗಿಸಿ ಬಂದವನು, ಫೋನ್ ಬಿಟ್ಟಿರಲಾರ. ಅದೇ ಕಂಬದ ಹತ್ತಿರ ಟಾರ್ಚ್ ಹಿಡಿಯುವುದು ಹೇಗೆಂದು ತೋರಿಸಿ, ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗಿದ.

‘ಅಣ್ಣಾ, ಬರ್ರಿ ಇಲ್ಲಿ. ಈ ಗೆರಿ ಒಂಚೂರು ತಪ್ಪೈತಿ ನೋಡ್ರಿ.’

ನಾಲ್ಕು ಸಲ ನೋಡಿದ ಕಂಬ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಬ್ಬರೂ ಬಗ್ಗಿ ನೋಡುತ್ತ ನಿಂತೆವು.