ಗೋಜಿ ಗಿಡಕ್ಕೆ ಗೊಬ್ಬರ ನಿಲ್ಲಿಸಿದ ಮೇಲೆ

ನಾವಿರುವುದು ಅಮೆರಿಕದ ಡೆನ್ವರ್‌ನಲ್ಲಿ. ಹಿತ್ತಲಿನ ಮಣ್ಣು ಜಿಗುಟು, ಸುಣ್ಣದಂಶ ಜಾಸ್ತಿ, ಮಳೆ ಕಡಿಮೆ. ಎರಡು ಸಲ ಬ್ಲೂಬೆರಿ ನೆಟ್ಟು ಕಳೆದುಕೊಂಡ ಜಾಗದಲ್ಲಿ ಈಗ ಚಿಕ್ಕ ಕೆಂಪು ಹಣ್ಣು ಬಿಡುವ ಮೂರು ಗೋಜಿ ಗಿಡಗಳಿವೆ.

ಗೋಜಿಗೆ ಹೆಸರಾದ ಸೀಮೆ ಚೀನಾದ ನಿಂಗ್‌ಶಿಯಾ. ಹಳದಿ ನದಿಯ ಪಕ್ಕದ ಒಣ ನೆಲ, ಕೊರೆಯುವ ಚಳಿ, ಸುಡುವ ಬಿಸಿಲು, ಚೌಳು ಮಣ್ಣು. ಅಲ್ಲಿನ ವೈದ್ಯ ಪದ್ಧತಿಯಲ್ಲಿ ಈ ಹಣ್ಣನ್ನು ಕಣ್ಣಿಗೆ, ಲಿವರ್‌ಗೆ ಅಂತ ಕೊಡುತ್ತಾರೆ. ಬೇರಿನ ತೊಗಟೆ ಬೇರೆಯದೇ ಮದ್ದು. ಆ ನೆಲದ ವಿವರ ಓದುವಾಗ ನಮ್ಮ ಹಿತ್ತಲೇ ಕಣ್ಣ ಮುಂದೆ ಬಂತು.

ಅಂಗಡಿಯ ಒಣ ಹಣ್ಣಿನಿಂದಲೇ ಬೀಜ ತೆಗೆದೆ. ನೀರಲ್ಲಿ ನೆನೆಸಿ ಕಿವುಚಿದರೆ ಚಪ್ಪಟೆ ಹಳದಿ ಬೀಜ, ಥೇಟ್ ಮೆಣಸಿನಕಾಯಿಯದೇ, ಸ್ವಲ್ಪ ಚಿಕ್ಕದು ಅಷ್ಟೇ. ಮೆಣಸಿನಕಾಯಿ, ಬದನೆ, ನಮ್ಮ ಗಣಿಕೆ ಹಣ್ಣು, ಎಲ್ಲ ಒಂದೇ ಕುಲ ಅಲ್ವಾ. ಮಾರ್ಚ್‌ನಲ್ಲಿ ಮನೆಯೊಳಗೆ ಬಿತ್ತಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ. ಹತ್ತು ದಿನಕ್ಕೆ ಮೊಳಕೆ. ಮೇ ಕೊನೆಗೆ ಹಿಮದ ಭಯ ಹೋದ ಮೇಲೆ ನೆಲದಲ್ಲಿ ನೆಟ್ಟೆ.

ಆಮೇಲೆ ಗುಲಾಬಿಗೆ ಮಾಡುವ ಹಾಗೆ ಕಾಂಪೋಸ್ಟ್ ಸುರಿದು ದಿನಾ ನೀರು ಹಾಕಿದೆ. ತಪ್ಪಾದದ್ದು ಅಲ್ಲೇ. ಎರಡನೇ ಬೇಸಿಗೆಗೆ ಆರಡಿ ಉದ್ದದ ಕೊಂಬೆಗಳು ಬಳ್ಳಿಯ ಹಾಗೆ ನೆಲಕ್ಕೆ ಬಿದ್ದವು, ಎಲೆಗೆ ಬೂದಿ ರೋಗ ಬಂತು. ಹಣ್ಣು ಹನ್ನೊಂದೇ ಹನ್ನೊಂದು.

ಪಕ್ಕದ ಮನೆಯ ಅಜ್ಜಿ ಚೀನಾದ ಗುವಾಂಗ್‌ಡಾಂಗ್ ಕಡೆಯವರು. ಅವರಿಗೆ ಇಂಗ್ಲಿಷ್ ಬಾರದು. ಬೇಲಿಯಾಚೆ ನಿಂತು ಗಿಡ ನೋಡಿದರು, ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ ತೋರಿಸಿದರು. ಗೋಜಿ ಚೆನ್ನಾಗಿ ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ. ಫೆಬ್ರವರಿ ಕೊನೆಗೆ ಒಂದೇ ಕಾಂಡ ಉಳಿಸಿ ಗೂಟಕ್ಕೆ ಕಟ್ಟಿದೆ, ತುದಿಯನ್ನು ಎದೆಮಟ್ಟಕ್ಕೆ ಕತ್ತರಿಸಿದೆ, ಅಡ್ಡ ಕೊಂಬೆಗಳನ್ನು ಗೇಣುದ್ದಕ್ಕೆ ತಂದೆ. ಮುಳ್ಳಿದೆ, ಕೈಗವಸು ಬೇಕು. ಗೊಬ್ಬರ ಪೂರ್ತಿ ನಿಲ್ಲಿಸಿದೆ. ನೀರು ವಾರಕ್ಕೊಮ್ಮೆ, ಬುಡ ಚೆನ್ನಾಗಿ ನೆನೆಯುವಷ್ಟು.

ಜೂನ್‌ನಲ್ಲಿ ಕೊಂಬೆ ತುಂಬ ನೇರಳೆ ಹೂ. ಒಂದು ತಿಂಗಳು ದಾಟಿದ ಮೇಲೆ ಕೆಂಪು ಹಣ್ಣು ತೂಗಾಡಿತು, ಅಕ್ಟೋಬರ್‌ವರೆಗೂ ಬರುತ್ತಲೇ ಇತ್ತು. ಬೆರಳಿಂದ ಹಿಸುಕಿ ಕಿತ್ತರೆ ಕಪ್ಪಾಗುತ್ತದೆ. ಅದಕ್ಕೆ ಕೆಳಗೆ ಹಳೇ ಪಂಚೆ ಹಾಸಿ ಕೊಂಬೆ ಮೆಲ್ಲಗೆ ಅಲುಗಿಸುತ್ತೇನೆ. ಮಾಗಿದ್ದು ಮಾತ್ರ ಉದುರುತ್ತದೆ. ಮೊದಲು ನೆರಳಲ್ಲಿ ಸಿಪ್ಪೆ ಸುಕ್ಕಾಗುವವರೆಗೆ ಇಟ್ಟು, ಆಮೇಲೆ ಬಿಸಿಲಿಗೆ. ಹಸಿ ಹಣ್ಣಿಗೆ ಟೊಮೆಟೊ ರುಚಿ, ಕೊನೆಯಲ್ಲಿ ಸ್ವಲ್ಪ ಕಹಿ. ಒಣಗಿದರೆ ಸಿಹಿ.

ಒಂದು ಎಚ್ಚರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಗೋಜಿ ಆಗುವುದಿಲ್ಲ, ಅದು ಮಾತ್ರೆಯ ಪ್ರಭಾವ ಹೆಚ್ಚಿಸಿ ರಕ್ತಸ್ರಾವ ತರಬಹುದು. ನಮ್ಮ ಭಾವ ಆ ಮಾತ್ರೆಯಲ್ಲಿದ್ದಾರೆ. ಅವರು ಬಂದಾಗ ಡಬ್ಬಿ ಮೇಜಿನ ಮೇಲೆ ಇಡುವುದೇ ಇಲ್ಲ.

ಎಳೆ ಚಿಗುರು ಕಿತ್ತು ಕೊಟ್ಟರೆ ಅಜ್ಜಿ ಮೊಟ್ಟೆ ಒಡೆದು ಹಾಕಿ ಸೂಪ್ ಮಾಡುತ್ತಾರೆ. ಹೋದ ವಾರ ಬೇರಿನಿಂದ ಎದ್ದ ಎರಡು ಮರಿಗಳನ್ನು ಅಗೆದು ಅವರ ಕಡೆಯ ಬೇಲಿಗೂ ನೆಟ್ಟು ಬಂದೆ.