ಸೆಕೆಂಡ್ ಹ್ಯಾಂಡ್ ಗಾಲ್ಫ್ ಡ್ರೈವರ್‌ನ ಸ್ಲೈಸ್ ಸರಿಹೋದದ್ದು ಹೀಗೆ

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 9 ಡಿಗ್ರಿ ಡ್ರೈವರ್ (ಗಾಲ್ಫ್‌ನಲ್ಲಿ ದೂರಕ್ಕೆ ಹೊಡೆಯುವ ಕೋಲು) ನೋಡೋಕೆ ಚೆನ್ನಾಗಿತ್ತು. ಕೋರ್ಸ್‌ನಲ್ಲಿ ಹೊಡೆದರೆ ಚೆಂಡು ಎತ್ತರಕ್ಕೇ ಏಳದೆ, ಬಲಕ್ಕೆ ಬಾಗಿ ಮರಗಳ ಸಾಲಿಗೆ ಹೋಗುತ್ತಿತ್ತು. ಹೀಗೆ ಬಾಗುವುದೇ ಸ್ಲೈಸ್.

ಶಾಫ್ಟ್ (ಕೋಲಿನ ಉದ್ದನೆಯ ದಂಡ) ಬದಲಿಸು ಅಂದವರೇ ಜಾಸ್ತಿ. ಅದು ಖರ್ಚಿನ ಮಾತು. ಮೊದಲು ಚೆಂಡು ಎಲ್ಲಿ ತಾಗುತ್ತಿದೆ ನೋಡೋಣ ಅಂತ, ಕಾಲಿಗೆ ಹೊಡೆಯುವ ಪೌಡರ್ ಸ್ಪ್ರೇಯನ್ನು ಡ್ರೈವರ್ ಮುಖಕ್ಕೆ ತೆಳ್ಳಗೆ ಹೊಡೆದೆ. ಬಿಳಿ ಪುಡಿಯ ಮೇಲೆ ದುಂಡನೆಯ ಗುರುತುಗಳು ಮೂಡಿದವು. ಎಲ್ಲವೂ ಹೀಲ್ ಕಡೆ, ಶಾಫ್ಟ್‌ಗೆ ಹತ್ತಿರ. ಅಲ್ಲಿ ತಾಗಿದರೆ ಹೆಡ್ ತಿರುಚಿಕೊಳ್ಳುತ್ತದೆ, ಬಲಗೈ ಆಟಗಾರರ ಚೆಂಡಿಗೆ ಬಲಕ್ಕೆ ಬಾಗುವ ಸ್ಪಿನ್ ಸಿಗುತ್ತದೆ. ಕಾರಣ ಕಣ್ಣೆದುರೇ ಇತ್ತು!

ಗ್ರಿಪ್ಪನ್ನು ಒಂದಿಂಚು ಕೆಳಗೆ ಹಿಡಿದೆ. ಗುರುತು ನಡುವಿಗೆ ಬಂತು. ಆಮೇಲೆ ಟಾರ್ಕ್ ವ್ರೆಂಚ್‌ನಿಂದ ಹೊಸೆಲ್ (ಶಾಫ್ಟ್ ಹೆಡ್‌ಗೆ ಸೇರುವ ಜಾಗ) ಸ್ಕ್ರೂ ಬಿಚ್ಚಿ, ಲಾಫ್ಟ್ ಅಂದರೆ ಮುಖದ ಓರೆಯನ್ನು 9ರಿಂದ 10.5 ಡಿಗ್ರಿಗೆ ಏರಿಸಿದೆ. ಇದರಿಂದ ಮುಖವೂ ಕೊಂಚ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ವ್ರೆಂಚ್ ಕ್ಲಿಕ್ ಅನ್ನುವ ತನಕ ಬಿಗಿ ಮಾಡಲೇಬೇಕು. ಹಳೇ ಡ್ರೈವರ್ ಕೊಳ್ಳುವಾಗ ಅದರ ವ್ರೆಂಚನ್ನೂ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಮಾತು, ಈ ಕೆಲಸ ರೌಂಡ್‌ಗೆ ಮೊದಲೇ ಮುಗಿಯಬೇಕು. ನಡುವೆ ಸೆಟ್ಟಿಂಗ್ ಬದಲಿಸಿ ಅದರಲ್ಲೇ ಹೊಡೆಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ಈಗ ಚೆಂಡು ಎತ್ತರಕ್ಕೆ ಏಳುತ್ತದೆ. ಸ್ವಲ್ಪ ಬಲಕ್ಕೆ ಬಾಗಿದರೂ ಫೇರ್‌ವೇಯಲ್ಲೇ (ಹುಲ್ಲು ಕತ್ತರಿಸಿದ ಆಟದ ದಾರಿ) ನಿಲ್ಲುತ್ತದೆ. ಶಾಫ್ಟ್ ಅದೇ ಹಳೆಯದು.