ಕಾಸಿಲ್ಲದ ತಿಂಗಳ ತೀರ್ಮಾನಗಳನ್ನು ಕಾಸಿರುವಾಗಲೇ ಮಾಡಿಟ್ಟುಕೊಳ್ಳುವುದು ಹೇಗೆ?

ಒಂದು ಚೀಟಿಯ ಮೇಲೆ ‘5 5 5’ ಎಂದು ಬರೆದು, ಇಲ್ಲಿ ಎಷ್ಟು ಅಂಕಿಗಳಿವೆ ಎಂದು ಮನೆಯವರನ್ನು ಥಟ್ಟನೆ ಕೇಳಿ ನೋಡಿ. ಸರಿಯಾದ ಉತ್ತರ ಮೂರು. ನಾಲಿಗೆಯ ತುದಿಗೆ ಬರುವುದು ಮಾತ್ರ ಐದು. ಆ ಐದನ್ನು ತಡೆದು ಮೂರು ಎನ್ನಲು ಮನಸ್ಸಿನ ಹಿಡಿತ ಬೇಕು. ತಮಿಳುನಾಡಿನ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರಿಗೆ ಅರ್ಥಶಾಸ್ತ್ರಜ್ಞರಾದ ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಇಂಥದೇ ಪರೀಕ್ಷೆಯನ್ನು ಕಟಾವಿಗೆ ಮುಂಚೆ ಒಮ್ಮೆ, ಕಬ್ಬಿನ ಹಣ ಕೈಸೇರಿದ ಮೇಲೆ ಒಮ್ಮೆ ಕೊಟ್ಟರು. ಅದರ ವರದಿ 2013ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದೇ ರೈತರು ಕಟಾವಿಗೆ ಮುಂಚೆ ಹೆಚ್ಚು ಹೊತ್ತು ತೆಗೆದುಕೊಂಡರು, ಹೆಚ್ಚು ತಪ್ಪು ಮಾಡಿದರು. ಕಟಾವಿನ ಸರದಿಯನ್ನು ಕಾರ್ಖಾನೆ ಹಂಚುವುದರಿಂದ ಅಕ್ಕಪಕ್ಕದ ಹೊಲಗಳವರಿಗೂ ಹಣ ಬೇರೆ ಬೇರೆ ತಿಂಗಳು ಬರುತ್ತದೆ. ಹಾಗಾಗಿ ಇದನ್ನು ಬಿಸಿಲು ಮಳೆಯ ಪ್ರಭಾವವೆಂದು ತಳ್ಳಿಹಾಕುವಂತಿಲ್ಲ.

ಇದರರ್ಥ ಬಡವರಿಗೆ ಬುದ್ಧಿ ಕಡಿಮೆ ಎಂದಲ್ಲ. ಒಬ್ಬನೇ ಮನುಷ್ಯನ ತಲೆ ಕಾಸಿದ್ದಾಗ ಒಂದು ರೀತಿ, ಕಾಸಿಲ್ಲದಾಗ ಇನ್ನೊಂದು ರೀತಿ ಓಡುತ್ತದೆ, ಅಷ್ಟೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವವರು, ಹಾಸಿಗೆ ವರ್ಷದಲ್ಲಿ ನಾಲ್ಕು ತಿಂಗಳು ಉದ್ದವಾಗಿ ಎಂಟು ತಿಂಗಳು ಮೊಳಕಾಲಿಗೂ ಸಾಲದೆ ಹೋಗುವ ಮನೆಗಳನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಈ ಫಲಿತಾಂಶ ಎಲ್ಲೆಡೆಯೂ ಹೀಗೇ ಬಂದಿಲ್ಲ ಎಂಬುದನ್ನೂ ಹೇಳಬೇಕು: ಅಮೆರಿಕದ ಕಡಿಮೆ ಆದಾಯದವರನ್ನು ಸಂಬಳದ ದಿನದ ಹಿಂದೆ ಮುಂದೆ ಪರೀಕ್ಷಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಚನಾಶಕ್ತಿಯ ವ್ಯತ್ಯಾಸ ಕಾಣಲಿಲ್ಲ. ನಾಲ್ಕಾರು ದಿನದ ಮುಗ್ಗಟ್ಟಿಗೂ ತಿಂಗಳುಗಟ್ಟಲೆ ಕಾಯುವ ಮುಗ್ಗಟ್ಟಿಗೂ ಅಂತರವಿರಬಹುದೆಂಬುದು ನನ್ನ ಊಹೆ. ಕೆಳಗಿನ ಕ್ರಮ ಎರಡನೆಯ ಬಗೆಯ ಮನೆಗಳಿಗಾಗಿ.

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ, ಹಣ ಬರುವ ತಿಂಗಳಿಗೆ ಒಂದು ಬಣ್ಣ, ಹಣ ಹೋಗುವ ತಿಂಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಜೂನಿನ ಶಾಲಾ ಶುಲ್ಕ, ಮುಂಗಾರಿನ ಗೊಬ್ಬರ, ಗೌರಿ ಗಣೇಶ ಹಬ್ಬ, ಸಂಘದ ಕಂತು ಎಲ್ಲವೂ ಅದರಲ್ಲಿರಲಿ. ಎರಡನೆಯ ಬಣ್ಣ ಮಾತ್ರವಿರುವ ತಿಂಗಳುಗಳಲ್ಲಿ ಯಾವ ದೊಡ್ಡ ತೀರ್ಮಾನವನ್ನೂ ಹೊಸದಾಗಿ ಮಾಡಬೇಕಾಗಿ ಬರಬಾರದು ಎಂಬುದೇ ಮುಂದಿನ ಹೆಜ್ಜೆಗಳ ಗುರಿ.

ಎರಡನೆಯದಾಗಿ, ಹಣ ಬಂದ ವಾರದಲ್ಲೇ ಮುಂದಿನ ಖರ್ಚನ್ನು ಕಟ್ಟಿಹಾಕಿ. ‘ಬೇರೆ ಇಡುತ್ತೇನೆ’ ಎಂದುಕೊಂಡರೆ ಸಾಲದು. ಗೊಬ್ಬರವನ್ನು ಆಗಲೇ ಕೊಂಡಿಡಿ, ಶುಲ್ಕವನ್ನು ಮುಂಗಡ ಕಟ್ಟಿ, ಇಲ್ಲವೇ ಆ ಮೊತ್ತವನ್ನು ಅಂಚೆ ಕಚೇರಿಯ ಠೇವಣಿಗೆ ಹಾಕಿ. ಪಶ್ಚಿಮ ಕೀನ್ಯಾದ ಮೆಕ್ಕೆಜೋಳದ ರೈತರಿಗೆ ಸುಗ್ಗಿ ಮುಗಿದೊಡನೆ, ಮನೆಬಾಗಿಲಿಗೆ ಉಚಿತವಾಗಿ ತಲುಪಿಸುವ ಭರವಸೆಯೊಂದಿಗೆ, ಪೂರ್ಣ ಬೆಲೆಗೇ ಗೊಬ್ಬರ ಮಾರಿದಾಗ, ಅದರ ಪರಿಣಾಮ ತಡವಾಗಿ ಕೊಡುವ ಅರ್ಧ ಬೆಲೆಯ ಸಬ್ಸಿಡಿಗೆ ಹೆಚ್ಚುಕಡಿಮೆ ಸಮನಾಗಿತ್ತೆಂದು ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಮತ್ತು ಜೊನಾಥನ್ ರಾಬಿನ್ಸನ್ ತೋರಿಸಿದ್ದಾರೆ. ಗೊಬ್ಬರದ ಲಾಭ ಆ ರೈತರಿಗೆ ಗೊತ್ತಿರಲಿಲ್ಲವೆಂದಲ್ಲ, ಹಾಕುವ ಹೊತ್ತಿಗೆ ಕೈ ಬರಿದಾಗಿರುತ್ತಿತ್ತು.

ಮೂರನೆಯದು ಸಾಲ, ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಹತ್ತು ಸಾವಿರ ಸಾಲವೆಂದು ಬರೆಸಿಕೊಂಡು, ಸಾವಿರ ರೂಪಾಯಿ ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುವ ಪದ್ಧತಿಯನ್ನು ನೋಡಿ. ‘ನೂರಕ್ಕೆ ಹತ್ತೇ ತಾನೆ’ ಎಂದು ಕೇಳಿಸುತ್ತದೆ. ಆದರೆ ಒಂಬತ್ತು ಸಾವಿರ ನಿಮ್ಮ ಬಳಿ ಹತ್ತು ವಾರ ಇರುವುದೇ ಇಲ್ಲ. ಪ್ರತಿ ವಾರವೂ ಕರಗುತ್ತ ಹೋಗುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವಾರಕ್ಕೆ ನೂರಕ್ಕೆ ಎರಡರ ಹತ್ತಿರ, ವರ್ಷಕ್ಕೆ ನೂರಕ್ಕೆ ಸುಮಾರು ನೂರು! ಊರಿನಲ್ಲಿ ದುಬಾರಿಯೆಂದು ಎಲ್ಲರೂ ಬೈಯುವ ‘ಮೂರು ರೂಪಾಯಿ ಬಡ್ಡಿ’ (ತಿಂಗಳಿಗೆ ನೂರಕ್ಕೆ ಮೂರು) ಕೂಡ ವರ್ಷಕ್ಕೆ ನೂರಕ್ಕೆ ಮೂವತ್ತಾರು ಮಾತ್ರ. ಈ ಲೆಕ್ಕವನ್ನು ಮಗು ಜ್ವರದಿಂದ ನರಳುವ ರಾತ್ರಿ ಯಾರೂ ಹಾಕಲಾರರು, ಆದ್ದರಿಂದ ಹಣವಿರುವಾಗಲೇ ಊರಿನಲ್ಲಿ ಸಿಗುವ ಸಾಲಗಳನ್ನೆಲ್ಲ ವಾರ್ಷಿಕ ಬಡ್ಡಿಗೆ ತಂದು, ಅಗ್ಗದ್ದು ಮೇಲೆ ಬರುವಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ವೈಯಕ್ತಿಕ ಸಾಲಗಳಿಗೆ, ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತಿಳಿಸುವ ಮುಖ್ಯಾಂಶಗಳ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಕೇಳಿ ಪಡೆಯಿರಿ.

ಇಷ್ಟಾದರೂ ಅನಿರೀಕ್ಷಿತ ಖರ್ಚು ಬಂದೇ ಬರುತ್ತದೆ. ಆಗ ಸಾಲಕ್ಕೆ ಸಹಿ ಹಾಕುವ ಮುನ್ನ ಆ ಪಟ್ಟಿಯನ್ನು ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ.

ಮೇಲಿನದೆಲ್ಲ ಹಣ ಪಡೆಯುವವರ ಪಾಡು. ಹಣ ಕೊಡಬೇಕಾದವರ ಪಾತ್ರ ಇದಕ್ಕಿಂತ ದೊಡ್ಡದೆಂದೇ ನನ್ನ ಅಭಿಪ್ರಾಯ. ಒಡಿಶಾದಲ್ಲಿ ಎಲೆಯ ತಟ್ಟೆ ಮಾಡುವ ಕೂಲಿಕಾರರಿಗೆ, ಬರಬೇಕಾದ ಕೂಲಿಯ ಒಂದು ಭಾಗವನ್ನೇ ಕೆಲವು ದಿನ ಮೊದಲು ಕೊಟ್ಟಾಗ, ಅವರು ಹೆಚ್ಚು ತಟ್ಟೆಗಳನ್ನು, ಕಡಿಮೆ ತಪ್ಪುಗಳೊಂದಿಗೆ ಮಾಡಿದರು. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಇಲ್ಲಿ ಕಾನೂನಿನ ಆಸರೆಯೂ ಇದೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಎರಡು ಲಕ್ಷ ರೂಪಾಯಿಯ ಬಿಲ್ಲು ಗಡುವು ಮೀರಿ ಎರಡು ತಿಂಗಳು ತಡವಾದರೆ ಆ ಬಡ್ಡಿಯೇ 5,000 ರೂಪಾಯಿ. ಕಬ್ಬು ತೂಕವಾದ ದಿನಕ್ಕೆ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಹದಿನಾಲ್ಕನೆಯ ದಿನಕ್ಕೂ ಸುತ್ತು ಹಾಕಿ, ತೂಕದ ಚೀಟಿಯನ್ನು ಆ ಹಾಳೆಗೇ ಸಿಕ್ಕಿಸಿಡಿ.